ಸಿಸಿಎನ್‌ಎ ಯಾರಿಗೆ ಬೇಕು, ಯಾರಿಗೆ ಬೇಡ

ಸಿಸಿಎನ್‌ಎ ಎಂಬುದು ಸಿಸ್ಕೊ ಕಂಪನಿ 1998ರಿಂದ ನಡೆಸಿಕೊಂಡು ಬಂದಿರುವ ನೆಟ್‌ವರ್ಕಿಂಗ್ ಪರೀಕ್ಷೆ. ಮೊದಲು ಇದಕ್ಕೆ ಭದ್ರತೆ, ವೈರ್‌ಲೆಸ್, ವಾಯ್ಸ್ ಎಂದು ಹಲವು ಕವಲುಗಳಿದ್ದವು. 2020ರ ಫೆಬ್ರವರಿಯಲ್ಲಿ ಹೆಚ್ಚಿನ ಕವಲುಗಳು 200-301 ಎಂಬ ಒಂದೇ ಪರೀಕ್ಷೆಯಲ್ಲಿ ಒಂದಾದವು. ಅವಧಿ 120 ನಿಮಿಷ, ಶುಲ್ಕ 300 ಡಾಲರ್, ತೆರಿಗೆ ಬೇರೆ. ಇಂಥ ಪದವಿ ಇರಲೇಬೇಕೆಂಬ ಷರತ್ತಿಲ್ಲ. ಒಂದು ಪ್ರಶ್ನೆ ದಾಟಿದ ಮೇಲೆ ಹಿಂದಿನದಕ್ಕೆ ಮರಳಿ ಉತ್ತರ ತಿದ್ದಲು ಬರುವುದಿಲ್ಲ. ಫೇಲಾದರೆ ಐದು ದಿನ ಬಿಟ್ಟು ಮತ್ತೆ ಪೂರ್ತಿ ಶುಲ್ಕ ಕಟ್ಟಿ ಬರೆಯಬೇಕು. ಮಧ್ಯಮ ವರ್ಗದ ಮನೆಗೆ ಇದು ಸಣ್ಣ ಮೊತ್ತವಲ್ಲ. ಹಾಗಾಗಿ ‘ಮಾಡಿಟ್ಟರೆ ಎಲ್ಲಾದರೂ ಉಪಯೋಗಕ್ಕೆ ಬಂದೀತು’ ಎಂದುಕೊಂಡು ಕಟ್ಟುವ ಹಣ ಇದಲ್ಲ.

ಇದನ್ನು ಆರಂಭದ ಹಂತದ ಪರೀಕ್ಷೆ ಎಂದು ಕರೆಯುವುದು ವಾಡಿಕೆ. ಹೆಸರಿಗೆ ಆರಂಭವೇ ಹೊರತು ಪಠ್ಯ ಹಗುರವಲ್ಲ. ಐಪಿ ಸಂಪರ್ಕಕ್ಕೆ ಶೇ 25, ಮೂಲಪಾಠಗಳಿಗೆ ಶೇ 20, ಸ್ವಿಚ್ ಮತ್ತು ವೈರ್‌ಲೆಸ್ ಭಾಗಕ್ಕೆ ಶೇ 20, ಭದ್ರತೆಗೆ ಶೇ 15, ಉಳಿದದ್ದು ಸೇವೆಗಳಿಗೂ ಆಟೊಮೇಷನ್‌ಗೂ ಸಮನಾಗಿ ಹಂಚಿಹೋಗಿದೆ. ಇದಕ್ಕಿಂತ ಕೆಳಗಿನ ಮೆಟ್ಟಿಲೂ ಇದೆ. ಸಿಸ್ಕೊದ್ದೇ ಆದ ಸಿಸಿಎಸ್‌ಟಿ 50 ನಿಮಿಷದ ಪರೀಕ್ಷೆ, ಶುಲ್ಕವೂ ಕಡಿಮೆ. ಕಾಂಪ್‌ಟಿಯಾ ಸಂಸ್ಥೆಯ ನೆಟ್‌ವರ್ಕ್ ಪ್ಲಸ್ ಯಾವ ಕಂಪನಿಯ ಉಪಕರಣಕ್ಕೂ ಅಂಟಿಕೊಂಡಿಲ್ಲ. 90 ನಿಮಿಷದಲ್ಲಿ ಹೆಚ್ಚೆಂದರೆ 90 ಪ್ರಶ್ನೆ. ಅಮೆರಿಕದಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ. ಬೆಂಗಳೂರಿನ ಕೆಲಸದ ಜಾಹೀರಾತುಗಳಲ್ಲಿ ಮಾತ್ರ ಸಿಸಿಎನ್‌ಎ ಹೆಸರೇ ಹೆಚ್ಚು ಕಾಣುವುದು.

ಪರೀಕ್ಷೆ ಏನನ್ನು ಅಳೆಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಒಂದು ಕಚೇರಿಯ 192.168.10.0 ಜಾಲವನ್ನು ನಾಲ್ಕು ಭಾಗ ಮಾಡಲಾಗಿದೆ. ಒಂದೊಂದಕ್ಕೆ 64 ವಿಳಾಸ. ಮೊದಲನೆಯದು ಜಾಲದ ಗುರುತಿಗೆ, ಕೊನೆಯದು ಬ್ರಾಡ್‌ಕಾಸ್ಟ್‌ಗೆ ಹೋಗಿ ಬಳಕೆಗೆ ಉಳಿಯುವುದು 62. ಎರಡನೆಯ ಭಾಗದ ಒಂದು ಕಂಪ್ಯೂಟರಿಗೆ 192.168.10.70 ಎಂಬ ವಿಳಾಸ, 255.255.255.192 ಎಂಬ ಮಾಸ್ಕ್, ಗೇಟ್‌ವೇ ಎಂದು 192.168.10.1 ಕೊಟ್ಟಿದ್ದಾರೆ. ಕೇಬಲ್ ಸರಿಯಿದೆ, ಪೋರ್ಟಿನ ದೀಪ ಹಸಿರಾಗಿದೆ, ಪಕ್ಕದ ಪ್ರಿಂಟರಿಗೆ ಮುದ್ರಣ ಹೋಗುತ್ತದೆ. ಇಂಟರ್‌ನೆಟ್ ಮಾತ್ರ ಇಲ್ಲ. ಎರಡನೆಯ ಭಾಗ 64ರಿಂದ 127ರವರೆಗೆ ಇರುವುದರಿಂದ 1ನೇ ವಿಳಾಸ ಅದರ ಹೊರಗೆ ಬೀಳುತ್ತದೆ. ಹೊರಗೆ ಕಳುಹಿಸಬೇಕಾದ ಗೇಟ್‌ವೇಯೇ ಹೊರಗಿದೆ. ಅದನ್ನು 65ಕ್ಕೆ ಬದಲಿಸಿ, ರೂಟರಿನಲ್ಲಿ ಆ ಭಾಗದ ಪೋರ್ಟಿಗೂ ಅದೇ ವಿಳಾಸ ಇದ್ದರೆ ಕೆಲಸ ಮುಗಿಯಿತು. ಈ ಲೆಕ್ಕವನ್ನು ಕಾಗದ ಪೆನ್ನಿನಲ್ಲಿ ಅರ್ಧ ನಿಮಿಷದಲ್ಲಿ ಮುಗಿಸುವಷ್ಟು ಕೈ ಪಳಗಬೇಕು. ಇಂಥ ಗಂಟು ಬಿಡಿಸುವಾಗ ಬೇಸರ ಬರುವವರಿಗೆ ಈ ಕ್ಷೇತ್ರದ ದಿನನಿತ್ಯದ ಕೆಲಸವೂ ಬೇಸರವೇ.

ಕಂಪ್ಯೂಟರ್ ಸೈನ್ಸ್ ಬಿ.ಇ. ಮಾಡಿದವರು ಒಎಸ್‌ಐ ಮಾದರಿಯ ಏಳು ಪದರಗಳನ್ನು ಪರೀಕ್ಷೆಯಲ್ಲಿ ಬರೆದಿರುತ್ತಾರೆ, ಆದರೆ ಹಲವರು ಸ್ವಿಚ್ಚಿನ ಕನ್ಸೋಲ್ ಕೇಬಲ್ ಮುಟ್ಟಿರುವುದಿಲ್ಲ. ಸಾಫ್ಟ್‌ವೇರ್ ಬರೆಯುವುದೇ ಅವರ ಗುರಿಯಾದರೆ ಸಿಸಿಎನ್‌ಎ ಬೇಕಿಲ್ಲ. ಆ ಸಮಯ ಕೋಡಿಂಗ್‌ಗೆ ಹೋದರೆ ಲಾಭ ಹೆಚ್ಚು. ಇದರ ಪೂರ್ತಿ ಪ್ರಯೋಜನ ಸಿಗುವುದು ಡಿಪ್ಲೊಮಾ, ಬಿ.ಸಿ.ಎ., ಬಿ.ಎಸ್‌ಸಿ. ಮುಗಿಸಿ ಕ್ಯಾಂಪಸ್ ಆಯ್ಕೆ ಸಿಗದವರಿಗೆ, ಮತ್ತು ಡೆಸ್ಕ್‌ಟಾಪ್ ಸಪೋರ್ಟ್‌ನಲ್ಲಿ ಪ್ರಿಂಟರ್, ಪಾಸ್‌ವರ್ಡ್ ದೂರುಗಳ ನಡುವೆ ಸಿಕ್ಕಿಕೊಂಡವರಿಗೆ. ಅರ್ಜಿಗಳ ರಾಶಿಯಲ್ಲಿ ಅವರ ಅರ್ಜಿ ಬೇರೆಯಾಗಿ ಕಾಣಲು ಒಂದು ಕಾರಣ ಬೇಕಿರುತ್ತದೆ. ಪ್ರಮಾಣಪತ್ರ ಸಂದರ್ಶನದ ಬಾಗಿಲವರೆಗೆ ತಲುಪಿಸುತ್ತದೆ, ಅಷ್ಟೇ. ‘ಶೇ ನೂರರಷ್ಟು ಪ್ಲೇಸ್‌ಮೆಂಟ್’ ಎಂದು ಫಲಕ ಹಾಕಿದ ಕೋಚಿಂಗ್ ಕೇಂದ್ರಗಳು ಈ ‘ಅಷ್ಟೇ’ಯನ್ನು ಹೇಳುವುದಿಲ್ಲ.

ಮೊದಲ ಕೆಲಸ ಹೆಚ್ಚಾಗಿ ಸಿಗುವುದು ನೆಟ್‌ವರ್ಕ್ ಆಪರೇಷನ್ಸ್ ಸೆಂಟರಿನಲ್ಲಿ, ಅಂದರೆ ‘ನಾಕ್’ನಲ್ಲಿ. ಪರದೆಯ ಮೇಲೆ ಅಲಾರಂ ಕೆಂಪಾದರೆ ಟಿಕೆಟ್ ತೆರೆಯುವುದು, ಲಿಂಕ್ ಕೊಟ್ಟ ಕಂಪನಿಗೆ ಫೋನ್ ಮಾಡುವುದು, ಬಿಡಿಸಲಾಗದ್ದನ್ನು ಮೇಲಿನ ಹಂತಕ್ಕೆ ದಾಟಿಸುವುದು. ಗ್ರಾಹಕರು ಅಮೆರಿಕದಲ್ಲಿದ್ದರೆ ಇಲ್ಲಿ ರಾತ್ರಿ ಪಾಳಿ. ಆರಂಭದ ಸಂಬಳ ಸಾಫ್ಟ್‌ವೇರಿನವರಷ್ಟು ಇರುವುದಿಲ್ಲ. ಅಮಾವಾಸ್ಯೆ ಹುಣ್ಣಿಮೆ ಎನ್ನದೆ ರಾತ್ರಿ ಎಚ್ಚರವಿರಲು ಆರೋಗ್ಯವೂ ಮನೆಯ ಪರಿಸ್ಥಿತಿಯೂ ಒಪ್ಪುತ್ತವೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಯೋಚಿಸಬೇಕು.

ಎಲ್ಲ ಕ್ಲೌಡ್‌ಗೆ ಹೋಗುತ್ತಿರುವಾಗ ರೂಟರ್ ಪಾಠ ಯಾಕೆ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಕ್ಲೌಡ್‌ನಲ್ಲೂ ಸಬ್‌ನೆಟ್ಟು, ರೂಟ್ ಟೇಬಲ್ಲು ಇದ್ದೇ ಇವೆ. ಅಮೆಜಾನ್‌ನ ಎಡಬ್ಲ್ಯುಎಸ್‌ನಲ್ಲಿ ಪ್ರತಿ ಸಬ್‌ನೆಟ್ಟಿನಿಂದ ಐದು ವಿಳಾಸಗಳನ್ನು ಕಂಪನಿಯೇ ಕಾದಿರಿಸಿಕೊಳ್ಳುವುದರಿಂದ ಮೇಲಿನ 62ರ ಬದಲು 59 ಸಿಗುತ್ತವೆ. ಲೆಕ್ಕದ ವಿಧಾನ ಅದೇ. ಮಾಸಿಹೋಗುತ್ತಿರುವುದು ಒಂದೊಂದೇ ಉಪಕರಣಕ್ಕೆ ಲಾಗಿನ್ ಆಗಿ ಆಜ್ಞೆ ಟೈಪಿಸುವ ಕೆಲಸ. ಆದ್ದರಿಂದ ಜತೆಯಲ್ಲಿ ಲಿನಕ್ಸ್, ಸ್ವಲ್ಪ ಪೈಥಾನ್ ಕಲಿತವರ ದಾರಿ ಮುಂದೆ ಸಲೀಸು.

ತೀರ್ಮಾನಕ್ಕೆ ಬರಲು ಖರ್ಚಿಲ್ಲದ ದಾರಿಯೂ ಇದೆ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ತೆರೆದರೆ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಉಚಿತ. ಸಾಧಾರಣ ಲ್ಯಾಪ್‌ಟಾಪಿನಲ್ಲೇ ಸ್ವಿಚ್, ರೂಟರ್‌ಗಳನ್ನು ಪರದೆಯ ಮೇಲೆ ಜೋಡಿಸಿ ಬೇಕೆಂದೇ ಕೆಡಿಸಿ ಸರಿಪಡಿಸಬಹುದು. ಎರಡು ತಿಂಗಳು ಸಂಜೆ ಹೊತ್ತು ಹೀಗೆ ಕೂತು, ಎರಡು ವಿಎಲ್ಯಾನ್‌ಗಳ ನಡುವೆ ಪಿಂಗ್ ಹಾಯಿಸಿದ ಮೇಲೂ ಆಸಕ್ತಿ ಉಳಿದಿದ್ದರೆ ಪರೀಕ್ಷೆಗೆ ಹೆಸರು ಕೊಡಬಹುದು. ಪರೀಕ್ಷೆ ಕನ್ನಡದಲ್ಲಿ ಇಲ್ಲ. ಇಂಗ್ಲಿಷಿನ ಉದ್ದನೆಯ ಪ್ರಶ್ನೆಗಳನ್ನು ಬೇಗ ಓದುವ ಅಭ್ಯಾಸವನ್ನು ಕನ್ನಡ ಮಾಧ್ಯಮದಿಂದ ಬಂದವರು ಬೇರೆಯಾಗಿಯೇ ಮಾಡಿಕೊಳ್ಳಬೇಕು. ಹಿಂದಿನ ಪ್ರಶ್ನೆಗಳನ್ನೇ ಕದ್ದು ಮಾರುವ ‘ಡಂಪ್’ಗಳನ್ನು ಬಾಯಿಪಾಠ ಮಾಡಿ ಪಾಸಾಗುವವರೂ ಇದ್ದಾರೆ. ಸಿಕ್ಕಿಬಿದ್ದರೆ ಪ್ರಮಾಣಪತ್ರ ರದ್ದು. ಸಿಕ್ಕಿಬೀಳದಿದ್ದರೂ ಸಂದರ್ಶನದಲ್ಲಿ ‘ಈ ಗೇಟ್‌ವೇ ಯಾಕೆ ತಪ್ಪು’ ಎಂದು ಕೇಳಿದ ಕೂಡಲೇ ಬಣ್ಣ ಬಯಲಾಗುತ್ತದೆ.

ಪ್ರಮಾಣಪತ್ರದ ಆಯಸ್ಸು ಮೂರು ವರ್ಷ. ಅದರೊಳಗೆ ಪರೀಕ್ಷೆ ಮತ್ತೆ ಬರೆಯಬೇಕು, ಇಲ್ಲವೇ ಮೇಲಿನ ಹಂತದ ಒಂದು ಪರೀಕ್ಷೆ ಪಾಸು ಮಾಡಬೇಕು, ಅಥವಾ ಸಿಸ್ಕೊ ಒಪ್ಪಿದ ಕೋರ್ಸುಗಳಿಂದ 30 ಕ್ರೆಡಿಟ್ ಗಳಿಸಬೇಕು. ಅವಧಿ ಮೀರಿದರೆ ಮೊದಲಿನಿಂದ ಶುರು. ಕ್ಲೌಡ್ ಅಥವಾ ಭದ್ರತೆಯ ಕಡೆಗೆ ಹೊರಳಿದ ಅನೇಕರು ನವೀಕರಿಸದೆ ಬಿಟ್ಟುಬಿಡುತ್ತಾರೆ. ಮೂರು ವರ್ಷದ ಕೆಲಸದ ಅನುಭವ ಕೈಯಲ್ಲಿದ್ದವರಿಗೆ ಅದರಿಂದ ದೊಡ್ಡ ನಷ್ಟವೇನೂ ಇಲ್ಲ.