ಒಂದು ಲೋಟ ಪುಕ್ಕಟೆ ನೀರಿಗೆ ಊರೇ ಫೇಮಸ್!

ಅಮೆರಿಕದ ದಕ್ಷಿಣ ಡಕೋಟಾ ರಾಜ್ಯದ ಹುಲ್ಲುಗಾವಲು ಬಯಲಲ್ಲಿ ‘ವಾಲ್’ ಅನ್ನೋ ಪುಟ್ಟ ಊರಿದೆ. 2020ರ ಜನಗಣತಿ ಪ್ರಕಾರ ಇರೋದು 699 ಜನ. ಪಕ್ಕದಲ್ಲೇ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ. ಅಲ್ಲಿ ಗೋಡೆಯಂತೆ ನಿಂತ ಗುಡ್ಡಸಾಲಿನಿಂದಲೇ ಊರಿಗೆ ಈ ಹೆಸರು. ಇಷ್ಟು ಚಿಕ್ಕ ಊರಿಗೆ ಪ್ರತಿ ಬೇಸಿಗೆಯಲ್ಲೂ ಪ್ರವಾಸಿಗರ ದಂಡೇ ಇಳಿಯುತ್ತೆ.

ಕಾರಣ, ಒಂದು ಔಷಧಿ ಅಂಗಡಿ. 1931ರಲ್ಲಿ ಟೆಡ್ ಹಸ್ಟೆಡ್ ಇದನ್ನು ಕೊಂಡಾಗ ದೇಶದಲ್ಲಿ ಆರ್ಥಿಕ ಕುಸಿತ, ಜತೆಗೆ ಬರ. ‘ಐದು ವರ್ಷ ನೋಡೋಣ’ ಎಂದು ಕೂತರೂ ವ್ಯಾಪಾರ ಕುದುರಲಿಲ್ಲ. ಹೆದ್ದಾರಿಯಲ್ಲಿ ಕಾರುಗಳು ಹೋಗ್ತಿದ್ದವು, ನಿಲ್ತಿರಲಿಲ್ಲ.

1936ರ ಬೇಸಿಗೆಯಲ್ಲಿ ಪತ್ನಿ ಡೊರೊಥಿಗೆ ಒಂದು ಉಪಾಯ ಹೊಳೀತು. ಬಿಸಿಲಲ್ಲಿ ಬಂದವರಿಗೆ ಮೊದಲು ಬೇಕಾದ್ದು ತಣ್ಣೀರು ತಾನೇ? ರಸ್ತೆ ಬದಿ ‘ಐಸ್ ನೀರು ಉಚಿತ’ ಎಂಬ ಬೋರ್ಡ್‌ಗಳು ಎದ್ದವು. ನೀರಿಗೆಂದು ಇಳಿದವರು ಐಸ್‌ಕ್ರೀಮ್ ಕೊಂಡರು, ಬೇರೆ ಸಾಮಾನೂ ಕೊಂಡರು.

ಆ ಅಂಗಡಿ ಇಂದು ‘ವಾಲ್ ಡ್ರಗ್’ ಹೆಸರಿನ ದೊಡ್ಡ ಮಳಿಗೆ ಸಮುಚ್ಚಯ. ಕಾಫಿ ಬರೀ 5 ಸೆಂಟ್, ಐಸ್ ನೀರು ಈಗಲೂ ಪುಕ್ಕಟೆ.

ಗುಡ್ಡವೂ ಇತ್ತು, ರಸ್ತೆಯೂ ಇತ್ತು. ಇಲ್ಲದಿದ್ದದ್ದು ಗಾಡಿ ನಿಲ್ಲಿಸೋಕೆ ಒಂದು ನೆಪ ಮಾತ್ರ.