ಮನೆಯಲ್ಲಿ ಕೇಳಿ ಹೇಳುತ್ತೇನೆ

ವರ್ಗಾವಣೆಯ ಕಾಲ ಬಂದಿತೆಂದರೆ ಬಸವಕಲ್ಯಾಣ, ಹುಮನಾಬಾದಿನಂತಹ ತಾಲ್ಲೂಕು ಊರುಗಳಲ್ಲಿ ಸಂಜೆಯ ಹೊತ್ತು ಒಂದು ನೋಟ ಕಣ್ಣಿಗೆ ಬೀಳುತ್ತದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಗಂಡ, ಮಗುವನ್ನೆತ್ತಿಕೊಂಡ ಹೆಂಡತಿ; ಇಬ್ಬರೂ ಓಣಿಯಿಂದ ಓಣಿಗೆ ನಡೆಯುತ್ತ ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆಯನ್ನು ಅರಸುತ್ತಿರುತ್ತಾರೆ. ಬ್ಯಾಂಕಿನ ಗುಮಾಸ್ತ, ಪ್ರೌಢಶಾಲೆಯ ಉಪಾಧ್ಯಾಯ, ಆಸ್ಪತ್ರೆಯ ದಾದಿ, ಹುಮನಾಬಾದಿನ ಕೈಗಾರಿಕಾ ಪ್ರದೇಶಕ್ಕೆ ಬಂದ ನೌಕರ, ಎಲ್ಲರಿಗೂ ಮೊದಲ ಚಿಂತೆ ಸೂರಿನದು. ಕೆಲವರಿಗೆ ಎರಡೇ ದಿನದಲ್ಲಿ ಮನೆ ದೊರೆಯುತ್ತದೆ. ಅದೇ ಸಂಬಳ, ಅದೇ ಪದವಿ, ಅದೇ ಸೌಜನ್ಯವುಳ್ಳ ಇನ್ನು ಕೆಲವರು ತಿಂಗಳುಗಟ್ಟಲೆ ಲಾಡ್ಜಿನಲ್ಲಿ ದಿನ ನೂಕುತ್ತಾರೆ. ಹೆಂಡತಿ ತವರಿನಲ್ಲಿ, ಮಗುವಿನ ಶಾಲೆ ಎಲ್ಲಿಯೂ ಇಲ್ಲ.

ಇಂಥವರಿಗೆ ಮುಖದ ಮೇಲೆ ಯಾರೂ ‘ಇಲ್ಲ’ ಎನ್ನುವುದಿಲ್ಲ. ನಮ್ಮ ಭಾಗದ ಜನ ಮಾತಿನಲ್ಲಿ ಬಲು ಮೃದು. ಕೂಡಿಸಿ ಚಹಾ ಕೊಟ್ಟು, ಅನಂತರವೇ ವಿಚಾರಣೆ. ಕನ್ನಡ ಪಾಠ ಹೇಳುವವನಾದುದರಿಂದ ಈ ಪ್ರಶ್ನೆಗಳ ರಚನೆ ನನ್ನನ್ನು ಬಹುಕಾಲದಿಂದ ಸೆಳೆದಿದೆ. ‘ನಿಮ್ಮ ಜಾತಿ ಯಾವುದು?’ ಎಂದು ಕೇಳುವ ಒರಟುತನ ಈಗ ಅಪರೂಪ. ಬದಲಾಗಿ, “ಪೂರ್ತಿ ಹೆಸರೇನ್ರೀ?” “ಊರಾಗ ನಿಮ್ಮ ಮನಿ ಯಾವ ಓಣ್ಯಾಗ ಬರ್ತದ್ರೀ?” “ಮನಿದೇವರು ಯಾವ್ದು?” ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದೂ ನಿರುಪದ್ರವಿ, ಒಟ್ಟುಗೂಡಿಸಿದರೆ ಜಾತಿಯ ದೃಢೀಕರಣ ಪತ್ರ. ಉತ್ತರ ಸಿಕ್ಕ ಮೇಲೆ ಮಾತಿನ ದಾಟಿ ಬದಲಾಗುತ್ತದೆ. “ನಿನ್ನೇನೇ ಒಬ್ಬರಿಗೆ ಕೊಟ್ಟೀವ್ರೀ.” “ನಮ್ಮ ಹುಡುಗ ಬರಾಂವ ಇದ್ದಾನ್ರೀ.” ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು, “ಮನ್ಯಾಗ ಕೇಳಿ ಹೇಳ್ತೀನ್ರೀ.” ಆ ‘ಹೇಳುವಿಕೆ’ ಎಂದೂ ಬರುವುದಿಲ್ಲ. ಕೆಲವು ಕಡೆ ಮನೆ ಖಾಲಿಯೇ ಇರುತ್ತದೆ, ಬಾಡಿಗೆ ಮಾತ್ರ ಬೆಳೆಯುತ್ತದೆ: ಫೋನಿನಲ್ಲಿ ಆರು ಸಾವಿರವೆಂದದ್ದು ಹೊಸ್ತಿಲಿಗೆ ಬರುವಷ್ಟರಲ್ಲಿ ಒಂಬತ್ತು ಸಾವಿರ.

ಈ ಭಾಷೆ ಇಂದಿನದೂ ಅಲ್ಲ, ನಮ್ಮ ಊರಿನದೊಂದೇ ಅಲ್ಲ. 1917ರಲ್ಲಿ ಅಮೆರಿಕದಲ್ಲಿ ಓದಿ ಬಂದ ಡಾ. ಅಂಬೇಡ್ಕರರು ಬಡೋದೆ ಸಂಸ್ಥಾನದಲ್ಲಿ ನೌಕರಿಗೆ ಸೇರಿದಾಗ ಅವರಿಗೆ ಇರಲು ಜಾಗವಿರಲಿಲ್ಲ. ಪಾರ್ಸಿಗಳ ಛತ್ರದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು; ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಡಿಸಿತು. ಆಗ ಇಬ್ಬರು ಮಿತ್ರರನ್ನು ಆಶ್ರಯ ಕೇಳಿದರು. ಹಿಂದೂ ಮಿತ್ರನು, ನೀನು ಬಂದರೆ ಆಳುಗಳು ಬಿಟ್ಟು ಹೋಗುತ್ತಾರೆಂದನು. ಕ್ರೈಸ್ತ ಮಿತ್ರನು, ಹೆಂಡತಿ ನಾಳೆ ಬರುತ್ತಾಳೆ, ಅವಳನ್ನು ಕೇಳಬೇಕೆಂದನು. ಇದು ನಮ್ಮ ‘ಮನ್ಯಾಗ ಕೇಳಿ ಹೇಳ್ತೀನ್ರೀ’ ಅಲ್ಲದೆ ಮತ್ತೇನು? ಅರ್ಥವಾಗದಷ್ಟು ಮುಗ್ಧರಲ್ಲ ಅವರು. ಕಾಮಾಟಿ ಬಾಗ್ ಎಂಬ ಉದ್ಯಾನದಲ್ಲಿ ಗಂಟೆಗಟ್ಟಲೆ ಕುಳಿತಿದ್ದು ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಹೊರಟುಹೋದರು.

ಬಸವಕಲ್ಯಾಣದ ಹೆಸರೆತ್ತಿದೊಡನೆ ಹನ್ನೆರಡನೆಯ ಶತಮಾನಕ್ಕೆ ಹಾರುವುದು ಭಾಷಣಕಾರರ ರೂಢಿ. ಸಮಗಾರ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆ, ಅದಕ್ಕೆ ತೆತ್ತ ಬೆಲೆ, ಪರಂಪರೆ ಹೇಳುವ ಈ ಕಥೆ ಊರಿನ ಪ್ರತಿ ಮಗುವಿಗೂ ಗೊತ್ತು. ಆ ಕೆಲಸವನ್ನು ಭಾಷಣಕಾರರಿಗೇ ಬಿಟ್ಟು, ಮನೆ ಸಿಗದೆ ತಿರುಗುವ ಉಪಾಧ್ಯಾಯನಿಗೆ ಇಂದು ಉಪಯೋಗಕ್ಕೆ ಬರುವ ಮಾತಿಗೆ ಬರೋಣ.

1955ರ ಜೂನ್ 1ರಂದು ಅಸ್ಪೃಶ್ಯತಾ ಅಪರಾಧಗಳ ಕಾನೂನು ಜಾರಿಗೆ ಬಂದಾಗ ಈ ಎರಡೂ ಊರುಗಳು ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದವು. ಮೈಸೂರಿಗೆ ಸೇರಿದ್ದು 1956ರ ನವೆಂಬರಿನಲ್ಲಿ. 1976ರಲ್ಲಿ ಆ ಕಾನೂನು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂಬ ಹೆಸರು ಪಡೆಯಿತು. ದೇವಾಲಯ, ಬಾವಿ, ಹೋಟೆಲುಗಳ ವಿಷಯದಲ್ಲಿ ಅದನ್ನು ಬಲ್ಲವರು ಬಹಳ. ಆದರೆ ಅದರ 4ನೆಯ ವಿಧಿಯಲ್ಲಿ, ಯಾವುದೇ ಬಡಾವಣೆಯಲ್ಲಿ ವಾಸದ ಮನೆಯನ್ನು ಕಟ್ಟುವ, ಪಡೆಯುವ, ಅದರಲ್ಲಿ ವಾಸಿಸುವ ವಿಷಯದಲ್ಲಿ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿಪಡಿಸುವುದೂ ಅಪರಾಧವೆಂದು ಸ್ಪಷ್ಟವಾಗಿ ಬರೆದಿದೆ. ಶಿಕ್ಷೆ ಒಂದರಿಂದ ಆರು ತಿಂಗಳ ಸೆರೆವಾಸ ಮತ್ತು ದಂಡ.

‘ಆತನ ಮನಸ್ಸಿನಲ್ಲಿ ಇದ್ದುದನ್ನು ನಾನು ಹೇಗೆ ಸಿದ್ಧಪಡಿಸಲಿ?’ ಎಂದು ನಿರಾಕರಣೆಗೆ ಒಳಗಾದವನು ಕೇಳುತ್ತಾನೆ, ಅಲ್ಲಿಗೇ ಸುಮ್ಮನಾಗುತ್ತಾನೆ. ಅವನಿಗೆ ತಿಳಿಯದ ಸಂಗತಿಯೆಂದರೆ ಅದೇ ಕಾನೂನಿನ 12ನೆಯ ವಿಧಿ. ಪರಿಶಿಷ್ಟ ಜಾತಿಯವರ ವಿಷಯದಲ್ಲಿ ಇಂತಹ ಕೃತ್ಯ ನಡೆದರೆ, ಅದು ಅಸ್ಪೃಶ್ಯತೆಯ ಕಾರಣದಿಂದಲೇ ನಡೆದುದೆಂದು ನ್ಯಾಯಾಲಯ ಭಾವಿಸಬೇಕು. ಹಾಗಲ್ಲವೆಂದು ತೋರಿಸುವ ಹೊರೆ ಎದುರಿನವನದು. ಹೀಗಾಗಿ ದೂರುಗಾರನು ಒದಗಿಸಬೇಕಾದುದು ಮಾಲೀಕನ ಹೃದಯದ ನಕಾಶೆಯಲ್ಲ, ನಡೆದ ಸಂಗತಿಯ ದಾಖಲೆ. ಓಣಿ, ಮನೆದೇವರು, ಅಡ್ಡಹೆಸರುಗಳ ಆ ವಿನಯದ ಪ್ರಶ್ನೆಗಳೇ, ಜಾತಿಯನ್ನು ತಿಳಿದ ಬಳಿಕ ಬಾಗಿಲು ಮುಚ್ಚಿತೆಂಬುದಕ್ಕೆ ಸಾಕ್ಷಿ.

ಇದಲ್ಲದೆ 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಆದ ತಿದ್ದುಪಡಿಯು ಆರ್ಥಿಕ ಬಹಿಷ್ಕಾರವನ್ನು ಅಪರಾಧವಾಗಿಸಿತು. ವ್ಯವಹಾರವನ್ನೇ ನಿರಾಕರಿಸುವುದು, ಸಾಮಾನ್ಯವಾಗಿ ಎಲ್ಲರಿಗೂ ಇರುವ ಕರಾರಿನಲ್ಲಿ ವ್ಯವಹರಿಸಲು ಒಪ್ಪದಿರುವುದು, ಎರಡೂ ಅದರ ವ್ಯಾಖ್ಯೆಯಲ್ಲಿವೆ. ಆರು ಸಾವಿರ ಒಂಬತ್ತಾಗುವ ಚಮತ್ಕಾರವನ್ನು ಓದುಗರು ಇಲ್ಲಿ ನೆನೆಯಬಹುದು. ಒಂದು ಮನೆಯ ನಿರಾಕರಣೆ ಈ ವ್ಯಾಖ್ಯೆಗೆ ಒಳಪಡುವುದೋ ಇಲ್ಲವೋ ಎಂಬುದು ಆಯಾ ಪ್ರಕರಣದ ಮೇಲೆ ನಿಲ್ಲುವ ಮಾತು.

ಮಾಲೀಕರಿಗೂ ನ್ಯಾಯ ಸಲ್ಲಬೇಕು. ಸಂಬಳವೆಷ್ಟು, ಮನೆಯಲ್ಲಿ ಎಷ್ಟು ಜನ, ಎಷ್ಟು ಕಾಲ ಇರುವಿರಿ ಎಂದು ಕೇಳುವುದು ಅವರ ಹಕ್ಕು. ಮಾಂಸದ ಅಡುಗೆ ಕೂಡದೆಂಬ ಕರಾರನ್ನು ಎಲ್ಲರಿಗೂ ಒಂದೇ ಸಮ ಹಾಕುವವರೂ ಇದ್ದಾರೆ. ಆದರೆ ಬಾಡಿಗೆದಾರನು ಆ ಕರಾರಿಗೆ ಒಪ್ಪಿದ ಮೇಲೂ ಮನೆ ಸಿಗದಿದ್ದರೆ, ಕಾರಣ ಅಡುಗೆಮನೆಯಲ್ಲಿ ಇರಲಿಲ್ಲವೆಂದೇ ತಿಳಿಯಬೇಕು.

ಇದನ್ನು ಕಂಡುಹಿಡಿಯುವ ಒಂದು ಸರಳ ಉಪಾಯವುಂಟು. 1968ರಲ್ಲಿ ವಸತಿ ನ್ಯಾಯದ ಕಾನೂನು ಬಂದ ಅಮೆರಿಕದಲ್ಲಿ, ಒಂದೇ ಮನೆಯನ್ನು ಕೇಳಲು ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆಯಾಗಿ ಕಳುಹಿಸಿ ಉತ್ತರಗಳನ್ನು ಹೋಲಿಸುವ ಪದ್ಧತಿ ಬೆಳೆಯಿತು. ದೆಹಲಿ ಸುತ್ತಿನಲ್ಲಿ ಸುಖದೇವ ಥೋರಾಟ್ ಮತ್ತು ಸಂಗಡಿಗರು ಇದೇ ರೀತಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೋನಿನಲ್ಲಿ ಮೇಲ್ಜಾತಿಯ ಹೆಸರು ಹೇಳಿದವರಿಗೆ ನಿರಾಕರಣೆಯೇ ಇರಲಿಲ್ಲ. ದಲಿತ ಹೆಸರಿಗೆ ನೂರಕ್ಕೆ 18, ಮುಸ್ಲಿಂ ಹೆಸರಿಗೆ ನೂರಕ್ಕೆ 31 ಮಂದಿ ಇಲ್ಲವೆಂದರು. ‘ನಿನ್ನೆಯೇ ಕೊಟ್ಟೆವು’ ಎಂದ ಮನೆಗೆ ಅದೇ ಸಂಜೆ ಬೇರೊಬ್ಬ ಮಿತ್ರನು ಫೋನು ಮಾಡಿ ನೋಡಿದರೆ ಸಂಶಯ ತೀರುತ್ತದೆ. ಆ ಮಿತ್ರನೇ ಸಾಕ್ಷಿಯೂ ಆಗುತ್ತಾನೆ.

ಮುಸ್ಲಿಂ ಕುಟುಂಬಕ್ಕೆ, ಒಂಟಿಯಾಗಿ ದುಡಿಯುವ ಹೆಣ್ಣುಮಗಳಿಗೆ ಇದೇ ಅನುಭವವಾದಾಗ ಮಾತ್ರ ಕಾನೂನಿನ ಕೈ ಗಿಡ್ಡ. ಸಂವಿಧಾನದ 15ನೆಯ ಅನುಚ್ಛೇದದ ಮೊದಲ ಮಾತು ಸರ್ಕಾರವನ್ನು ಕಟ್ಟುತ್ತದೆಯೇ ಹೊರತು ಖಾಸಗಿ ಮಾಲೀಕನನ್ನಲ್ಲ. ಪಾರ್ಸಿಗಳಿಗೆ ಮಾತ್ರ ಸದಸ್ಯತ್ವವೆಂಬ ಗೃಹನಿರ್ಮಾಣ ಸಹಕಾರ ಸಂಘದ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಎತ್ತಿಹಿಡಿಯಿತು. ಈ ಕೊರತೆ ತುಂಬಬೇಕಾದುದು ಶಾಸನಸಭೆಯಲ್ಲಿ.

ದೂರು ಕೊಡುವವರು ಮೊದಲು ಮಾಡಬೇಕಾದುದು ಬರೆದಿಡುವ ಕೆಲಸ. ದಿನಾಂಕ, ವೇಳೆ, ಮನೆಯ ಗುರುತು, ಹೇಳಿದ ಬಾಡಿಗೆ, ಕೇಳಿದ ಪ್ರಶ್ನೆ, ಕೊಟ್ಟ ಕಾರಣ, ಇವನ್ನು ಅಂದೇ ರಾತ್ರಿ, ಆಡಿದ ಮಾತಿನಲ್ಲಿಯೇ ಬರೆಯಬೇಕು. ‘ಅವಮಾನ ಮಾಡಿದರು’ ಎಂಬ ಒಂದು ಸಾಲು ಸಾಲದು. ಹಲಗೆಯ ಛಾಯಾಚಿತ್ರ, ದಲ್ಲಾಳಿಯ ವಾಟ್ಸಾಪ್ ಸಂದೇಶ ಅಳಿಸದಿರಲಿ. ಬಳಿಕ ಊರಿನ ಪೊಲೀಸ್ ಠಾಣೆ. ದೌರ್ಜನ್ಯ ಕಾಯಿದೆಯ ದೂರಿಗೆ ಪ್ರಾಥಮಿಕ ವಿಚಾರಣೆಯ ನೆಪ ಹೇಳುವಂತಿಲ್ಲ. 2018ರ ತಿದ್ದುಪಡಿ ಅದನ್ನು ತೆಗೆದುಹಾಕಿದೆ. ಬರೆದುಕೊಂಡುದನ್ನು ಓದಿ ಹೇಳಿ, ಆ ಮೇಲೆ ಸಹಿ ಪಡೆದು, ಪ್ರತಿ ಕೊಡಬೇಕು. ತನಿಖೆ ಡಿವೈಎಸ್ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯದು. ಠಾಣೆಯಲ್ಲಿ ಕೊಸರಾಡಿದರೆ ಬೀದರಿನ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ಕಳುಹಿಸಬಹುದು. ದೌರ್ಜನ್ಯದ ದೂರಿಗೆ 14566, ಕಾನೂನು ನೆರವಿಗೆ 15100 ಎಂಬ ಉಚಿತ ಸಂಖ್ಯೆಗಳಿವೆ. ಪರಿಶಿಷ್ಟರಿಗೂ ಮಹಿಳೆಯರಿಗೂ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯ ವಕೀಲರು ಶುಲ್ಕವಿಲ್ಲದೆ ದೊರೆಯುತ್ತಾರೆ.

ಅಷ್ಟರಲ್ಲಿ ಬೇರೊಂದು ಮನೆ ಸಿಕ್ಕಿರಬಹುದು. ಸಿಕ್ಕಿತೆಂದು ಆ ಬರಹವನ್ನು ಹರಿದೊಗೆಯಬಾರದು. ಬಾಗಿಲು ಮುಚ್ಚಿದ ದಿನವೇ ಅಪರಾಧ ಪೂರ್ಣವಾಗಿರುತ್ತದೆ. ಆರು ತಿಂಗಳ ಶಿಕ್ಷೆಯ ಅಪರಾಧವನ್ನು ನ್ಯಾಯಾಲಯದ ಮುಂದೆ ತರಲು ಸಾಮಾನ್ಯವಾಗಿ ಒಂದು ವರ್ಷದ ಅವಧಿ ಇರುತ್ತದೆ.