ಕೊಳ್ಳುವವರು ವಿರಳವಾದಾಗ ಏಜೆಂಟರು ಎಲ್ಲ ಮನೆಗಳನ್ನೂ ಒಪ್ಪಿಕೊಳ್ಳಬೇಕೆ?

ಬೆಂಗಳೂರು: 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ದಿವಾಳಿಯಾದ ಬಳಿಕ, ಐಟಿ ಉದ್ಯೋಗಗಳನ್ನೇ ನೆಚ್ಚಿದ್ದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಫ್ಲ್ಯಾಟ್ ಮಾರಾಟಕ್ಕೂ ಮಂಕು ಕವಿಯಿತು. ಮಾರುವವರು ಹೆಚ್ಚಿ ಕೊಳ್ಳುವವರು ಕಡಿಮೆಯಾದ ಇಂಥ ಕಾಲದಲ್ಲಿ ಏಜೆಂಟರು ಎಚ್ಚರದಿಂದಿರುವುದು ಅಗತ್ಯ.

ಕಮಿಷನ್ ಸಿಗುವುದು ಸಾಮಾನ್ಯವಾಗಿ ವ್ಯವಹಾರ ಕುದುರಿದ ಮೇಲೆಯೇ. ಜಾಹೀರಾತು, ಓಡಾಟದ ವೆಚ್ಚ ಮಾತ್ರ ಮೊದಲ ದಿನದಿಂದಲೇ ಏಜೆಂಟರದು. ಉದಾಹರಣೆಗೆ, 50 ಲಕ್ಷ ರೂ. ಬಾಳುವ ಫ್ಲ್ಯಾಟಿಗೆ ಮಾಲೀಕರು 60 ಲಕ್ಷಕ್ಕೆ ಪಟ್ಟು ಹಿಡಿದರೆ ಅದು ತಿಂಗಳುಗಟ್ಟಲೆ ಹಾಗೆಯೇ ಉಳಿಯಬಹುದು. ಅತ್ತ ಸಾಲದ ಕಂತು ನಿಲ್ಲದು. ಹಳೆಯ ಜಾಹೀರಾತು ಕಂಡ ಗಿರಾಕಿ ಇನ್ನಷ್ಟು ಇಳಿಸಿ ಕೇಳುತ್ತಾನೆ.

ಆದ್ದರಿಂದ, ಅದೇ ಬಡಾವಣೆಯಲ್ಲಿ ಇತ್ತೀಚೆಗೆ ನಿಜವಾಗಿ ಮಾರಾಟವಾದ ದರವನ್ನು ತೋರಿಸಿ, ಮಾಲೀಕರು ಒಪ್ಪಿದರಷ್ಟೇ ಹೊಣೆ ಹೊರುವುದು ಲೇಸು. ಸುಳ್ಳು ಭರವಸೆಗಿಂತ 'ಈ ದರಕ್ಕೆ ಆಗದು' ಎಂಬ ಮಾತೇ ಅವರಿಗೆ ಮಾಡುವ ಉಪಕಾರ.